ಬ್ಲಡ್ ಗ್ಯಾಸ್, ಅಸಿಡಿಟಿ, ಅಸಿಡೋಸಿಸ್: ಕನ್ನಡದಲ್ಲಿ ಹೇಗೆ ಹೇಳೋಣ?

ಗೆಳೆಯರೇ,

ನಾನು ಐಸಿಯುನಲ್ಲಿ ನರ್ಸ್. ಹೊಸದಾಗಿ ಬರುವ ಹುಡುಗಿಯರಿಗೆ ಕೆಲಸವನ್ನೂ ಹೇಳಿಕೊಡುತ್ತೇನೆ. ಒಂದು ಪದಕ್ಕೆ ನಿಮ್ಮ ಸಹಾಯ ಬೇಕು.

ಮೊನ್ನೆ ಉಸಿರಾಟದ ತೊಂದರೆಯಿಂದ ಬಂದಿದ್ದ ಅಜ್ಜನೊಬ್ಬರ ಮಣಿಕಟ್ಟಿನಲ್ಲಿ ನಾಡಿ ಹುಡುಕುತ್ತಿದ್ದೆ. ‘ಬ್ಲಡ್ ಗ್ಯಾಸ್ ಟೆಸ್ಟ್ ಅಮ್ಮಾ’ ಎಂದೆ. ರಕ್ತದಲ್ಲಿ ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ಆಮ್ಲ ಎಷ್ಟಿದೆ ಎಂದು ನೋಡುವ ಪರೀಕ್ಷೆ ಅದು. ಪಕ್ಕದಲ್ಲಿದ್ದ ಅಜ್ಜಿ, ‘ಗ್ಯಾಸಿಗೆ ಬೆಳಿಗ್ಗೇನೇ ಮಾತ್ರೆ ಕೊಟ್ರಲ್ಲವ್ವಾ, ಮತ್ಯಾಕೆ ಚುಚ್ಚೋದು?’ ಎಂದರು. ತಪ್ಪು ಅವರದಲ್ಲ. ನಮ್ಮ ಮನೆಗಳಲ್ಲಿ ಗ್ಯಾಸ್ ಅಂದರೆ ಹೊಟ್ಟೆಯುಬ್ಬರವೇ ಅಲ್ವಾ? ಈಗ ನಾನು ‘ನಾಡಿರಕ್ತದ ಪರೀಕ್ಷೆ’ ಅನ್ನುತ್ತೇನೆ. ನಾಡಿ ಬಡಿಯುವ ಜಾಗದಿಂದಲೇ ತೆಗೆಯುವ ರಕ್ತ, ಕೇಳಿದವರಿಗೆ ಕೂಡಲೇ ತಿಳಿಯುತ್ತದೆ. ಅಪಧಮನಿ (ಆರ್ಟರಿ), ಅಭಿಧಮನಿ (ವೇನ್) ಅಂದರೆ ನಮ್ಮ ಹುಡುಗಿಯರಿಗೇ ಯಾವುದು ಯಾವುದೆಂದು ಗಲಿಬಿಲಿ.

ನಿಜವಾದ ಕಷ್ಟ ‘ಅಸಿಡೋಸಿಸ್’ನದು, ಅಂದರೆ ರಕ್ತದಲ್ಲಿ ಆಮ್ಲ ಇರಬೇಕಾದ್ದಕ್ಕಿಂತ ಹೆಚ್ಚುವುದು. ಆ ಅಜ್ಜನ ರಕ್ತದ ಪಿಎಚ್ (ಆಮ್ಲ-ಕ್ಷಾರದ ಅಳತೆ; ಏಳು ನಡುಮಟ್ಟ, ಅದಕ್ಕಿಂತ ಕಡಿಮೆ ಇದ್ದರೆ ಆಮ್ಲ, ಜಾಸ್ತಿ ಇದ್ದರೆ ಕ್ಷಾರ) 7.28 ಬಂತು. ಇರಬೇಕಾದದ್ದು 7.35ರಿಂದ 7.45. ಇಂಗಾಲದ ಡೈಆಕ್ಸೈಡ್ 35ರಿಂದ 45 ಇರಬೇಕಾದಲ್ಲಿ 62 ಇತ್ತು. ಇದಕ್ಕೆ ‘ಆಮ್ಲತೆ’ ಅಂದರೆ ಎದೆಯುರಿ ಅಂದುಕೊಳ್ಳುತ್ತಾರೆ. ‘ರಕ್ತ ಆಮ್ಲವಾಯಿತು’ ಅನ್ನೋಣವೆಂದರೆ ಅದೂ ಸರಿಯಲ್ಲ. 7.28 ಅಂದರೆ ಏಳಕ್ಕಿಂತ ಜಾಸ್ತಿ. ಅಂದರೆ ರಕ್ತ ಇನ್ನೂ ಕ್ಷಾರದ ಪಾಲಿನಲ್ಲೇ ಇದೆ, ಆಮ್ಲದ ಕಡೆಗೆ ವಾಲಿದೆ ಅಷ್ಟೇ. ಹಾಗಾಗಿ ‘ಆಮ್ಲವಾಲು’, ಅಲ್ಕಲೋಸಿಸ್‌ಗೆ ‘ಕ್ಷಾರವಾಲು’ ಎಂದು ಹೇಳಿಕೊಡುತ್ತಿದ್ದೇನೆ. ಶ್ವಾಸಕೋಶ ಸೋತು ಬಂದದ್ದು ‘ಉಸಿರಿನ ಆಮ್ಲವಾಲು’. ಕಿಡ್ನಿ ಕೆಟ್ಟಾಗ ಇಲ್ಲವೇ ಸಕ್ಕರೆ ಕಾಯಿಲೆ ಕೈಮೀರಿದಾಗ ಆಮ್ಲವನ್ನು ತಗ್ಗಿಸುವ ಬೈಕಾರ್ಬನೇಟ್ 22ಕ್ಕಿಂತ ಕೆಳಗಿಳಿದು ಬರುವ ಮೆಟಬಾಲಿಕ್ ಅಸಿಡೋಸಿಸ್‌ಗೆ ಮಾತ್ರ ಒಳ್ಳೆಯ ಪದ ಹೊಳೆದಿಲ್ಲ. ಮೆಟಬಾಲಿಸಂಗೆ ಪುಸ್ತಕದಲ್ಲಿರುವ ‘ಚಯಾಪಚಯ’ ಬಾಯಲ್ಲಿ ತಿರುಗುವುದಿಲ್ಲ.

ಇಲ್ಲಿ ‘ಆಮ್ಲಜನಕ’ ಎಂಬ ಪದವೂ ದಾರಿ ತಪ್ಪಿಸುತ್ತದೆ. ‘ಮೇಡಂ, ಆಮ್ಲಜನಕ ಜಾಸ್ತಿ ಕೊಟ್ಟರೆ ರಕ್ತದಲ್ಲಿ ಆಮ್ಲ ಜಾಸ್ತಿಯಾಗಲ್ವಾ?’ ಎಂದು ಒಬ್ಬಳು ಕೇಳಿದಳು. ಆಮ್ಲ ಹುಟ್ಟಿಸುವುದು ಎಂದು ತಿಳಿದು ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೇ (Lavoisier) ಆಕ್ಸಿಜನ್‌ಗೆ ಆ ಹೆಸರಿಟ್ಟ. ಆ ತಿಳಿವಳಿಕೆ ತಪ್ಪು ಎಂದು ಆಮೇಲೆ ಗೊತ್ತಾಯಿತು. ನಾವು ಆ ಹೆಸರನ್ನೇ ಕನ್ನಡಕ್ಕೆ ತಂದುಕೊಂಡೆವು. ಈ ಅಜ್ಜನ ರಕ್ತದಲ್ಲಿ ಆಮ್ಲ ಹೆಚ್ಚಿಸಿದ್ದು ಹೊರಹೋಗದೆ ಉಳಿದ ಇಂಗಾಲದ ಡೈಆಕ್ಸೈಡ್.

ಇನ್ನೊಂದು ಮಾತು. ಸೋಡಿಯಂ 135ಕ್ಕಿಂತ ಇಳಿದಾಗ ‘ಉಪ್ಪು ಕಡಿಮೆಯಾಗಿದೆ’ ಅನ್ನುತ್ತೇವೆ. ಮನೆಯವರು ಗಂಜಿಗೆ ಉಪ್ಪು ಸುರಿದು ತರುತ್ತಾರೆ. ಎಷ್ಟೋ ಸಲ ಉಪ್ಪು ಕಳೆದಿರುವುದಿಲ್ಲ, ಮೈಯಲ್ಲಿ ನೀರು ಜಾಸ್ತಿಯಾಗಿರುತ್ತದೆ. ಅದಕ್ಕೆ ನಾನು ‘ಸೋಡಿಯಂ’ ಅಂತಲೇ ಹೇಳುತ್ತೇನೆ. ಸೋಡಿಯಂ, ಪೊಟ್ಯಾಸಿಯಂನಂಥ ಎಲೆಕ್ಟ್ರೋಲೈಟ್‌ಗಳಿಗೆ ಒಟ್ಟಾಗಿ ‘ಲವಣ’ ಸಾಕು, ಪುಸ್ತಕದ ‘ವಿದ್ಯುದ್ವಿಚ್ಛೇದ್ಯ’ ಹಾಸಿಗೆಯ ಪಕ್ಕ ನಿಂತು ಹೇಳುವ ಪದವಲ್ಲ.

‘ಆಮ್ಲವಾಲು’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಧಾರವಾಡ, ಮಂಗಳೂರು ಕಡೆಯ ವಾರ್ಡುಗಳಲ್ಲಿ ಇದಕ್ಕೆ ಬೇರೆ ಮಾತು ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.