ಮ್ಯಾಕ್‌ಬೆತ್ ಅಸೈನ್‌ಮೆಂಟ್: ಬರೆದು ಪಾರಾದವರು ಅನುಭವ ಹೇಳಿ

ಎಂಎ ಮೊದಲ ವರ್ಷ:
ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್, ಆ ನಾಟಕದ ಭಾಷೆ ಮತ್ತು ಥೀಮ್ ಬಗ್ಗೆ 2000 ಪದ ಬರೆಯಬೇಕು. 12 ದಿನ ಇದೆ. ಕೆಲಸ ಮುಗಿಸಿ ಮನೆ ಸೇರುವಾಗ ರಾತ್ರಿ ಎಂಟಾಗುತ್ತದೆ. "ಇದು ಅತಿಯಾಸೆಯ ದುರಂತ" ಅಂತ ಒಂದು ಸಾಲು ಬರೆದು ಕೂತಿದ್ದೇನೆ. ಮುಂದೆ?

ಸಪ್ಲಿಮೆಂಟರಿ ಸಂತ್ರಸ್ತ:
ನಾನು ಮುಳುಗಿದ್ದೂ ಇದೇ ಸಾಲಿಂದ. ಗೈಡ್‌ಗೆ 180 ರೂಪಾಯಿ, ಸೀನಿಯರ್ ನೋಟ್ಸ್ ಜೆರಾಕ್ಸ್‌ಗೆ 96, ಬೈಂಡಿಂಗ್‌ಗೆ 60. ರಕ್ತ, ಕತ್ತಲೆ, ನಿದ್ದೆ, ಬಟ್ಟೆ ಅಂತ ನಾಲ್ಕು ಹೆಡ್ಡಿಂಗ್ ಹಾಕಿ ಕೋಟ್‌ಗಳನ್ನು ತುರುಕಿದೆ. 25ಕ್ಕೆ 7 ಬಂತು. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ "ಸೋ?" ಅಂತ ಬರೆದಿದ್ದರು. ಆ ಒಂದಕ್ಷರ ಇವತ್ತಿಗೂ ಉರಿಯುತ್ತದೆ.

ಮರುವರ್ಷ ಗೈಡ್ ಮುಟ್ಟಲಿಲ್ಲ. "ಡನ್" ಅನ್ನುವ ಒಂದೇ ಪದ ಹಿಡಿದೆ. ಸಿಂಹಾಸನಕ್ಕಾಗಿ ರಾಜನನ್ನು ಕೊಲ್ಲುವ ಮುಂಚೆ ಮ್ಯಾಕ್‌ಬೆತ್ "ಇಫ್ ಇಟ್ ವರ್ ಡನ್ ವೆನ್ ಟಿಸ್ ಡನ್" ಅಂತ ಗೊಣಗುತ್ತಾನೆ. ಕೊಂದು ಬಂದು "ಐ ಹ್ಯಾವ್ ಡನ್ ದ ಡೀಡ್". ಮೂರನೇ ಅಂಕದಲ್ಲಿ ಹೆಂಡತಿ "ವಾಟ್ಸ್ ಡನ್ ಈಸ್ ಡನ್" ಅಂತ ಗಂಡನಿಗೆ ಸಮಾಧಾನ ಹೇಳುತ್ತಾಳೆ. ಐದನೇ ಅಂಕದಲ್ಲಿ ಅವಳೇ ನಿದ್ದೆಯಲ್ಲಿ ನಡೆಯುತ್ತಾ "ವಾಟ್ಸ್ ಡನ್ ಕೆನಾಟ್ ಬಿ ಅನ್‌ಡನ್" ಅನ್ನುತ್ತಾಳೆ. ಥೀಮ್ ಅಲ್ಲೇ ಇದೆಯಲ್ಲ! 25ಕ್ಕೆ 19 ಬಂತು. ಆದರೆ ಒಂದು ವರ್ಷ ಹೋಯಿತು, ಬಿಎಡ್ ಸೀಟೂ ಹೋಯಿತು.

ರೆಡಿಂಗ್ ಅಮ್ಮ:
ನಾವು ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿದ್ದೇವೆ. ಮಗನಿಗೆ ಜಿಸಿಎಸ್‌ಇಯಲ್ಲಿ, ಅಂದರೆ ಇಲ್ಲಿನ ಹೈಸ್ಕೂಲು ಪರೀಕ್ಷೆಯಲ್ಲಿ, ಇದೇ ನಾಟಕ. ಪರೀಕ್ಷೆಗೆ ಪುಸ್ತಕ ಒಯ್ಯುವ ಹಾಗಿಲ್ಲ. ಟ್ಯೂಟರ್‌ಗೆ ಗಂಟೆಗೆ 35 ಪೌಂಡ್, 11 ವಾರಕ್ಕೆ 385. ಜೊತೆಗೆ ಬಣ್ಣದ ಕಾರ್ಡ್‌ಗಳಿಗೆ 12. ಆತ 40 ಕೋಟ್ ಉರು ಹೊಡೆಸಿದರು. ಗ್ರೇಡ್ 6 ಇದ್ದದ್ದು ಮಾಕ್ ಪರೀಕ್ಷೆಯಲ್ಲಿ 4ಕ್ಕೆ ಇಳಿಯಿತು! ಹಣ ವಾಪಸ್ ಕೇಳಿದರೆ "ಹುಡುಗ ನರ್ವಸ್" ಅಂದರು.

ಕೊನೆಗೆ ನಾನೇ ಕೂತೆ. ತಮ್ಮನ ಕೈಲಿ ಡಿವಿಜಿ ಅನುವಾದಿಸಿದ ಮ್ಯಾಕ್‌ಬೆತ್ ತರಿಸಿಕೊಂಡೆ. ಅದನ್ನು ಓದಿದ ಮೇಲೇ ಮಗನ ಜೊತೆ ಮಾತಾಡುವ ಧೈರ್ಯ ಬಂತು. ಕೊಲೆಯಾದ ರಾತ್ರಿ ಕೈಗಂಟಿದ ರಕ್ತಕ್ಕೆ "ಸ್ವಲ್ಪ ನೀರು ಸಾಕು, ಹೋಗುತ್ತೆ" ಅಂದ ಮ್ಯಾಕ್‌ಬೆತ್‌ನ ಹೆಂಡತಿ, ಆಮೇಲೆ ಅರೇಬಿಯಾದ ಅತ್ತರೆಲ್ಲ ಸುರಿದರೂ ಈ ಪುಟ್ಟ ಕೈಯ ರಕ್ತದ ವಾಸನೆ ಹೋಗಲ್ಲ ಅನ್ನುತ್ತಾಳೆ. ಇದನ್ನು ಮಗನಿಗೆ ತೋರಿಸಿದ್ದು ನಾನು, ಟ್ಯೂಟರ್ ಅಲ್ಲ. ಕುವೆಂಪು ಅವರ ರಕ್ತಾಕ್ಷಿನೂ ಮ್ಯಾಕ್‌ಬೆತ್ ಅಲ್ವಾ? ಅದನ್ನೂ ಓದಿ.

ನಿವೃತ್ತ ಮೇಷ್ಟ್ರು:
ತಾಯಿ, ರಕ್ತಾಕ್ಷಿ ಹ್ಯಾಮ್ಲೆಟ್‌ನಿಂದ ಬಂದದ್ದು. ಗೊತ್ತಿಲ್ಲದ್ದನ್ನು ಹುಡುಗರಿಗೆ ಹೇಳಬೇಡಿ. ಕನ್ನಡದಲ್ಲಿ ಓದಿಕೊಂಡು ಇಂಗ್ಲಿಷಿನ ಭಾಷೆಯನ್ನು ವಿಶ್ಲೇಷಿಸುವುದು ಹೇಗೆ? ನನ್ನ ಪಿಎಚ್‌ಡಿ ಪ್ರಬಂಧ ಛಂದಸ್ಸಿನ ಅಧ್ಯಾಯ ತೆಳು ಅಂತ ಎರಡು ಸಲ ವಾಪಸ್ ಬಂತು. ಒಂದೊಂದು ಸಲವೂ 212 ಪುಟ ಮತ್ತೆ ಟೈಪ್ ಮಾಡಿಸಿದೆ, ಪುಟಕ್ಕೆ 3 ರೂಪಾಯಿಯಂತೆ. ಹಾಗೆ ಕಲಿತದ್ದು: ಮ್ಯಾಕ್‌ಬೆತ್‌ಗೆ ಭವಿಷ್ಯ ಹೇಳುವ ಮಾಟಗಾತಿಯರದ್ದು ಕುಣಿಯುವ ಗಿಡ್ಡ ಸಾಲು, ಮ್ಯಾಕ್‌ಬೆತ್‌ನದು ಐದು ಪೆಟ್ಟಿನ ಸಾಲು. ಅವನ ಹೆಂಡತಿಯ ಸ್ವಂತ ಮಾತು ನಿದ್ದೆಯಲ್ಲಿ ನಡೆಯುವಾಗ ಮಾತ್ರ ಗದ್ಯಕ್ಕೆ ಬೀಳುತ್ತದೆ. ಮನಸ್ಸು ಕಳಚಿದ ಹಾಗೆ ಛಂದಸ್ಸೂ ಕಳಚುತ್ತದೆ. ಅದನ್ನು ಬರೆಯಿರಿ. ಮ್ಯಾಕ್‌ಬೆತ್‌ನ ಕೋಟೆಯ ಬಾಗಿಲು ಕಾಯುವವನ ಕುಡುಕ ಜೋಕುಗಳನ್ನು ಬಿಡಿ. ಕವಿ, ವಿಮರ್ಶಕ ಕೋಲ್‌ರಿಜ್ ಕೂಡ ಅದು ಶೇಕ್ಸ್‌ಪಿಯರ್ ಬರೆದದ್ದಲ್ಲ ಅಂದಿದ್ದ.

ಬಾಗಿಲು ಕಾದವನು:
ಮೇಷ್ಟ್ರೇ, ಆ ಪಾತ್ರ ಮಾಡಿದವನು ನಾನು. ಹವ್ಯಾಸಿ ತಂಡ, ಹಾಲ್ ಬಾಡಿಗೆ 6500, ಕಾಸ್ಟ್ಯೂಮ್ 4200. ಬಂದವರು 43 ಜನ, ಅದರಲ್ಲಿ 20 ಜನ ನಮ್ಮ ಮನೆಯವರೇ. ನನ್ನ ಪಾಲಿಗೆ 1900 ಲಾಸ್. ರಾಜನ ಕೊಲೆಯಾದ ಮೇಲೆ ಮ್ಯಾಕ್‌ಬೆತ್ ಕೈ ತೊಳೆದು ಬಟ್ಟೆ ಬದಲಾಯಿಸಬೇಕು. ನಮ್ಮ ಬಣ್ಣ ಹೋಗೋಕೆ ನಾಲ್ಕು ನಿಮಿಷ. ಅಲ್ಲಿವರೆಗೂ ಸ್ಟೇಜ್ ಹಿಡಿದದ್ದು ಈ ಕುಡುಕನೇ! ಅವನು ತಾನು ನರಕದ ಬಾಗಿಲು ಕಾಯುವವನು ಅಂದುಕೊಳ್ಳುತ್ತಾನೆ. ಬಾಗಿಲು ತಟ್ಟಿದವರಲ್ಲಿ ಎರಡು ನಾಲಿಗೆಯವನೊಬ್ಬನನ್ನು ಒಳಗೆ ಕರೆಯುತ್ತಾನೆ. ಇಂಗ್ಲೆಂಡಿನ ರಾಜನನ್ನು ಸಿಡಿಮದ್ದಿಟ್ಟು ಕೊಲ್ಲಲು ಹೊರಟ 1605ರ ಪಿತೂರಿ, ಅದೇ ಕೇಸಿನಲ್ಲಿ ಎರಡರ್ಥದ ಮಾತನ್ನು ಸಮರ್ಥಿಸಿಕೊಂಡು 1606ರಲ್ಲಿ ಗಲ್ಲಿಗೇರಿದ ಪಾದ್ರಿ ಗಾರ್ನೆಟ್, ಆ ಕಾಲದ ಪ್ರೇಕ್ಷಕರಿಗೆ ಎಲ್ಲಾ ನೆನಪಾಗುತ್ತಿತ್ತು. ಮಾಟಗಾತಿಯರು ಮಾಡುವುದೂ ಅದೇ ಎರಡು ನಾಲಿಗೆಯ ಮಾತಲ್ವಾ? ಸುಮ್ನೆ ಜೋಕು ಅಂತೀರಲ್ಲ!

ನಿವೃತ್ತ ಮೇಷ್ಟ್ರು:
ನಾಲ್ಕು ನಿಮಿಷದ ಬಣ್ಣವನ್ನು ಅಸೈನ್‌ಮೆಂಟಿನಲ್ಲಿ ಬರೆದರೆ ಎಷ್ಟು ಮಾರ್ಕ್ಸ್ ಕೊಡುತ್ತಾರೆ, ಕೇಳಿ ನೋಡಿ.

ಸಪ್ಲಿಮೆಂಟರಿ ಸಂತ್ರಸ್ತ:
ಸಾರ್, ರೆಡಿಂಗ್ ಅಕ್ಕನ ಮೇಲೆ ಯಾಕೆ ಹರಿಹಾಯ್ತೀರಿ? ನನಗೆ "ಡನ್" ಹೊಳೆದದ್ದೇ ಕನ್ನಡಕ್ಕೆ ತರಲು ಹೋಗಿ. ಒಂದು ಸಲ "ಮಾಡಿದ್ದು" ಅಂತ ಬರೆದೆ, ಇನ್ನೊಂದು ಸಲ "ಮುಗಿದದ್ದು" ಅನ್ನಬೇಕಾಯಿತು. ನಮಗೆ ಎರಡು ಪದ ಬೇಕು. ಅವನು ಎರಡನ್ನೂ ಒಂದೇ ಪದದಲ್ಲಿ ಕಟ್ಟಿದ್ದಾನೆ, ಮಾಡಿದರೆ ಮುಗಿಯುತ್ತದೆ ಅಂತ ತನಗೇ ಸುಳ್ಳು ಹೇಳಿಕೊಳ್ಳೋಕೆ. ಇಂಗ್ಲಿಷಿನಲ್ಲೇ ಉಳಿದಿದ್ದರೆ ನನಗೆ ಕಾಣುತ್ತಿರಲಿಲ್ಲ.

ರೆಡಿಂಗ್ ಅಮ್ಮ:
ಥ್ಯಾಂಕ್ಸ್ ತಮ್ಮಾ. ರಕ್ತಾಕ್ಷಿ ವಿಷಯ ತಪ್ಪಾಯಿತು, ಒಪ್ಪಿದೆ. ಆದರೆ ನನ್ನ ಮಗ ಗ್ರೇಡ್ 7 ತಂದ, ಮೇಷ್ಟ್ರೇ. ಛಂದಸ್ಸಿನ ಬಗ್ಗೆ ಒಂದಕ್ಷರ ಬರೆಯದೆ.

ನಿವೃತ್ತ ಮೇಷ್ಟ್ರು:
ಅದು ಹೈಸ್ಕೂಲು. ಇವರು ಕೇಳುತ್ತಿರುವುದು ಎಂಎಗೆ.

ಎಂಎ ಮೊದಲ ವರ್ಷ:
ಓದುತ್ತಾ ಎರಡು ದಿನ ಹೋಯಿತು. ಬಾಗಿಲು ಕಾಯುವವನನ್ನು ಸೇರಿಸಲೋ ಬೇಡವೋ, ಅಷ್ಟು ಹೇಳಿ.

ಬಾಗಿಲು ಕಾದವನು:
ಸೇರಿಸಿ.

ನಿವೃತ್ತ ಮೇಷ್ಟ್ರು:
ಬೇಡ.