ಓದುಗರ ಸ್ಪಂದನ: ಅಮ್ಮ ಒಬ್ಬಳು, ತರಗತಿ ಮೂರು

ಕಳೆದ ಸಂಚಿಕೆಯ ಸಮಸ್ಯೆ

ತೀರ್ಥಹಳ್ಳಿ ಸೀಮೆಯ ತೋಟದ ಮನೆ ನಮ್ಮದು. ಎರಡು ವರ್ಷದ ಹಿಂದೆ ಬೆಂಗಳೂರು ಬಿಟ್ಟು ಬಂದೆವು. ಮಕ್ಕಳಿಗೆ ಮನೆಯಲ್ಲೇ ಪಾಠ. ದೊಡ್ಡವಳಿಗೆ 11, ನಡುವಿನವನಿಗೆ 8, ಚಿಕ್ಕವನಿಗೆ 4. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಮುಕ್ಕಾಲು ಗಂಟೆಗೊಂದು ಪೀರಿಯಡ್ ಅಂತ ವೇಳಾಪಟ್ಟಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ. ಹತ್ತೂವರೆ ಹೊತ್ತಿಗೆಲ್ಲ ಅದು ಹಳ್ಳ ಹಿಡಿದಿರುತ್ತದೆ. ಒಬ್ಬನಿಗೆ ಭಾಗಾಕಾರ ಹೇಳಿಕೊಡುವಷ್ಟರಲ್ಲಿ ಅವನ ಅಕ್ಕ ಕಿಟಕಿಯಾಚೆ ನೋಡುತ್ತ ಕೂತಿರುತ್ತಾಳೆ, ಚಿಕ್ಕವನು ಅವಳ ಪುಸ್ತಕಕ್ಕೆ ಬಣ್ಣ ಬಳಿಯುತ್ತಿರುತ್ತಾನೆ. ಅತ್ತೆ ಏನೂ ಅನ್ನುವುದಿಲ್ಲ, ಒಲೆಯ ಮುಂದೆ ನಿಟ್ಟುಸಿರು ಬಿಡುತ್ತಾರೆ. ಮೂವರಿಗೂ ಹೊಂದುವಂತೆ ದಿನವನ್ನು ಹೇಗೆ ಹೊಂದಿಸಲಿ?

*

ಫ್ರಿಜ್ ಮೇಲಿನ ಆ ಹಾಳೆಯನ್ನು ಮೊದಲು ಕಿತ್ತುಹಾಕಿ. ನಾನೂ ಅಂಥದ್ದೇ ಒಂದನ್ನು ಮಾಡಿದ್ದೆ, ಕಂಪ್ಯೂಟರಿನಲ್ಲಿ, ಮಗುವಿಗೊಂದು ಬಣ್ಣ ಹಾಕಿ. ಎಷ್ಟು ಚೆಂದ ಇತ್ತೆಂದರೆ ಮನೆಗೆ ಬಂದ ನೆಂಟರಿಗೆಲ್ಲ ತೋರಿಸಿದ್ದೆ. ನಾಲ್ಕು ದಿನ ನಡೆಯಿತು. ಐದನೆಯ ದಿನ ಬೆಳಿಗ್ಗೆ ಒಬ್ಬನಿಗೆ ಜ್ವರ, ಹತ್ತು ಗಂಟೆಗೆ ನಲ್ಲಿ ರಿಪೇರಿಯವನು, ಅಲ್ಲಿಗೆ ಮುಗಿಯಿತು.

ನಿಮ್ಮ ಪಟ್ಟಿಯನ್ನು ಲೆಕ್ಕ ಹಾಕಿ ನೋಡಿದೆ. ಊಟದ ಹೊತ್ತು ಬಿಟ್ಟರೆ ಒಬ್ಬರಿಗೆ 7 ಪೀರಿಯಡ್, ಮೂವರಿಗೆ 21. ಇಪ್ಪತ್ತೊಂದಕ್ಕೂ ನೀವೇ ಬೇಕು. ಅಡುಗೆ ಯಾವ ಪೀರಿಯಡ್ಡಿನಲ್ಲಿ?

ನಮ್ಮ ಮನೆಯಲ್ಲಿ ಈಗ ಗಂಟೆ ಇಲ್ಲ, ಸರದಿ ಇದೆ. ತಿಂಡಿ ಆದ ತಕ್ಷಣ ಎಲ್ಲರಿಗಿಂತ ಚಿಕ್ಕವಳ ಸರದಿ. ಇಪ್ಪತ್ತು ನಿಮಿಷ ನಾನು ಅವಳೊಬ್ಬಳಿಗೇ ಸೇರಿದವಳು, ಫೋನ್ ಕೂಡ ಕೋಣೆಯಲ್ಲಿರುವುದಿಲ್ಲ. ಅದಾದ ಮೇಲೆ ಹುಣಸೆಬೀಜ, ಖಾಲಿ ಡಬ್ಬಿ ಇಟ್ಟುಕೊಂಡು ಮುಕ್ಕಾಲು ಗಂಟೆ ತನ್ನಷ್ಟಕ್ಕೆ ಆಡುತ್ತಾಳೆ. ಮೊದಲೆಲ್ಲ ‘ಅಣ್ಣಂದಿರದ್ದು ಮುಗೀಲಿ ಇರು’ ಅಂತ ಅವಳನ್ನೇ ಕೊನೆಗೆ ತಳ್ಳುತ್ತಿದ್ದೆ. ಅದಕ್ಕೇ ಇಡೀ ಬೆಳಿಗ್ಗೆ ಬಂದು ಬಂದು ನನ್ನ ದುಪಟ್ಟಾ ಎಳೆಯುತ್ತಿದ್ದಳು ಅಂತ ಈಗ ಅನ್ನಿಸುತ್ತದೆ.

ಗಣಿತ ಮತ್ತು ಭಾಷೆ ಮಾತ್ರ ಅವರವರದು. ಉಳಿದದ್ದಕ್ಕೆಲ್ಲ ಮೂವರೂ ಒಂದೇ ಚಾಪೆ. ಒಂದು ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿಬಂದೆವು, ವಾರವಿಡೀ ಅದೇ ಪಾಠ. ಚಿಕ್ಕವಳು ಕೋಟೆಯ ಚಿತ್ರ ಬರೆದಳು. ನಡುವಿನವನು ಕಾವೇರಿ ಎರಡಾಗಿ ಒಡೆದು ದ್ವೀಪ ಹೇಗಾಗುತ್ತದೆಂದು ಅಂಗಳದ ಮರಳಿನಲ್ಲಿ ನೀರು ಬಿಟ್ಟು ನೋಡಿದ (ಅರ್ಧ ತೊಟ್ಟಿ ಖಾಲಿ). ದೊಡ್ಡವನು 1799ರ ಯುದ್ಧದ ಬಗ್ಗೆ ಓದಿ ನಮಗೆಲ್ಲ ಹೇಳಿದ. ನಾನು ತಯಾರಿ ಮಾಡಿದ್ದು ಒಂದೇ ಪಾಠಕ್ಕೆ.

— ಮೂವರ ತಾಯಿ, ಮೈಸೂರು

*

ತಾಯಿ, ನಿಮ್ಮ ಕಷ್ಟ ನಮ್ಮ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳ ಹಳೇ ಕಷ್ಟ. ಒಂದು ಕೋಣೆ, ಮೂರು ತರಗತಿ, ಒಬ್ಬರೇ ಟೀಚರ್. ಒಂದನೇ ತರಗತಿಗೆ ಅಕ್ಷರ ತಿದ್ದಿಸುವಾಗ ಮಿಕ್ಕವರಿಗೆ ‘ಮಗ್ಗಿ ಬರೀರಿ’ ಅನ್ನುತ್ತಿದ್ದೆವು. ಅವರು ಬರೆದೂ ಬರೆದೂ ಸಾಕಾಗಿ ಜಗಳ ತೆಗೆಯುತ್ತಿದ್ದರು. 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಎಂಬ ಕಲಿಸುವ ಪದ್ಧತಿ ಶುರುವಾದಾಗ ನಮ್ಮಂಥವರಿಗೆ ಉಸಿರಾಡುವಂತಾಯಿತು. ಆಂಧ್ರದ ರಿಷಿವ್ಯಾಲಿ ಶಾಲೆಯವರು ಸುತ್ತಲಿನ ಹಳ್ಳಿಶಾಲೆಗಳಿಗಾಗಿ ಮಾಡಿದ್ದ ಪಾಠದ ಕಾರ್ಡುಗಳನ್ನು ಇಲ್ಲಿಯ ಶಿಕ್ಷಕರು ನೋಡಿಬಂದು, ನಮ್ಮ ಮಕ್ಕಳಿಗೆ ಒಗ್ಗುವಂತೆ ತಾವೇ ಬರೆದರು.

ಅದರಲ್ಲಿ ಪೀರಿಯಡ್ ಇಲ್ಲ. ಪಾಠವೆಂದರೆ ಒಂದು ಏಣಿ. ಯಾವ ಮಗು ಯಾವ ಮೆಟ್ಟಿಲಲ್ಲಿದೆಯೋ ಅಲ್ಲಿಂದ ಹತ್ತಬೇಕು. ಜ್ವರ ಬಂದು ವಾರ ತಪ್ಪಿಸಿಕೊಂಡರೆ ಬಿಟ್ಟ ಮೆಟ್ಟಿಲಿಂದಲೇ ಮುಂದಕ್ಕೆ. ಕೂರುವ ಗುಂಪುಗಳಿಗೆ ನಾವು ‘ತಟ್ಟೆ’ ಅನ್ನುತ್ತೇವೆ. ಒಂದು ತಟ್ಟೆಗೆ ಟೀಚರ್ ಪೂರ್ತಿ ಬೇಕು. ಇನ್ನೊಂದಕ್ಕೆ ಆಗಾಗ ಬಂದು ನೋಡಿದರೆ ಸಾಕು. ಬೇರೆ ತಟ್ಟೆಗಳಲ್ಲಿ ಜೊತೆಯವರೇ ಹೇಳಿಕೊಡುತ್ತಾರೆ. ಕೊನೆಯದು ಸ್ವಕಲಿಕೆ, ಯಾರೂ ಬೇಡ.

ನಿಮಗೆ ಬೇಕಾದದ್ದು ಈ ತಟ್ಟೆಯ ಲೆಕ್ಕ ಮಾತ್ರ. ರಾತ್ರಿ ಮಲಗುವ ಮುಂಚೆ, ನಾಳೆ ಯಾರ ಯಾವ ಕೆಲಸಕ್ಕೆ ನೀವು ಪಕ್ಕದಲ್ಲೇ ಕೂರಬೇಕು ಅಂತ ನೋಡಿಕೊಳ್ಳಿ. ಒಂದೇ ಹೊತ್ತಿಗೆ ಇಬ್ಬರು ಆ ತಟ್ಟೆಗೆ ಬಂದರೆ ಒಬ್ಬರದ್ದನ್ನು ಬದಲಾಯಿಸಿ. ಮಗನಿಗೆ ಭಾಗಾಕಾರ ಹೊಸದು ತಾನೆ? ಹಾಗಾದರೆ ಆ ವಾರ ಮಗಳಿಗೆ ಹೊಸ ಗಣಿತ ತೆಗೆಯಬೇಡಿ, ಬಂದದ್ದನ್ನೇ ಅಭ್ಯಾಸ ಮಾಡಲಿ. ಇಬ್ಬರಿಗೆ ಒಟ್ಟಿಗೆ ಹೊಸ ಪಾಠ ತೆಗೆದ ದಿನ ನಾನೂ ಅತ್ತಿದ್ದೇನೆ.

ಇನ್ನೊಂದು. ಗೋಡೆಯ ಕೆಳಭಾಗಕ್ಕೆ, ಚಿಕ್ಕವನ ಕೈಗೆಟಕುವಷ್ಟು ಎತ್ತರಕ್ಕೆ, ಕಪ್ಪು ಬಣ್ಣ ಹೊಡೆಸಿ ಸೀಮೆಸುಣ್ಣ ಕೊಡಿ. ನಲಿ-ಕಲಿ ಕೋಣೆಗಳಲ್ಲಿ ಮಕ್ಕಳಿಗೆ ಅಂಥ ಹಲಗೆ ಇರುತ್ತದೆ. ಅಕ್ಕನ ಪುಸ್ತಕ ಉಳಿಯುತ್ತದೆ. ಆದರೆ ಕಾರ್ಡು ಮುಗಿಸುವುದೇ ಓದು ಅಂತಾದ ಕೋಣೆಗಳನ್ನೂ ಕಂಡಿದ್ದೇನೆ, ಮಗು ಮೆಟ್ಟಿಲು ಹತ್ತಿರುತ್ತದೆ, ಕೇಳಿದರೆ ಏನೂ ಬಂದಿರುವುದಿಲ್ಲ. ವಾರಕ್ಕೊಮ್ಮೆ ಪುಸ್ತಕ ಮುಚ್ಚಿಸಿ ಬಾಯಲ್ಲಿ ಕೇಳಿ.

— ನಿವೃತ್ತ ಶಿಕ್ಷಕಿ, ಹೆಗ್ಗಡದೇವನಕೋಟೆ

*

ಅಕ್ಕಾ, ‘ದೊಡ್ಡವಳು ಚಿಕ್ಕವರಿಗೆ ಹೇಳಿಕೊಡಲಿ’ ಅಂತ ನಿಮಗೆ ಬಹಳ ಜನ ಬರೆಯುತ್ತಾರೆ. ನಾನು ಆ ದೊಡ್ಡವಳು. ಹನ್ನೊಂದನೇ ವಯಸ್ಸಿಗೆ ಇಬ್ಬರು ತಮ್ಮಂದಿರ ಟೀಚರ್ ಆದೆ. ಅಮ್ಮನಿಗೆ ಉಪಕಾರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಸಂಶಯಗಳನ್ನು ಕೇಳಲು ಸರದಿ ಬರುವಷ್ಟರಲ್ಲಿ ಅಮ್ಮನಿಗೆ ತೂಕಡಿಕೆ. ‘ನಿಂಗೆ ಬರತ್ತಲ್ಲ’ ಅನ್ನುವ ಮಾತು ಇವತ್ತಿಗೂ ನನಗೆ ಆಗುವುದಿಲ್ಲ. ನಿಮ್ಮ ಮಗಳು ಕಿಟಕಿಯಾಚೆ ನೋಡುವುದು ಸೋಮಾರಿತನ ಆಗಿರಲಿಕ್ಕಿಲ್ಲ. ದಿನಕ್ಕೆ ಅರ್ಧ ಗಂಟೆ ಅವಳಿಗೂ ಎತ್ತಿಡಿ, ತಮ್ಮಂದಿರು ಮಲಗಿದ ಮೇಲಾದರೂ ಸರಿ.

ಪರೀಕ್ಷೆಯ ಹೆದರಿಕೆಯಿಂದ ದಿನವನ್ನು ತುಂಬಬೇಡಿ. ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿಗೆ ಸೇರಲು 14 ತುಂಬಿರಬೇಕು. ಅವಳಿಗೆ ಇನ್ನೂ ಮೂರು ವರ್ಷ ಇದೆ. ಪಾಸಾಗಬೇಕಾದದ್ದು ಐದು ವಿಷಯ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಒಮ್ಮೆ ನೋಂದಾಯಿಸಿದರೆ ಐದು ವರ್ಷದ ಅವಕಾಶ. ನಾನು ಮೊದಲ ಸಲ ಎರಡು ವಿಷಯ, ಆರು ತಿಂಗಳ ಮೇಲೆ ಮಿಕ್ಕ ಮೂರು ಬರೆದೆ. ಹಾಗೆ ಹಂಚಿಕೊಂಡಿದ್ದರಿಂದ ಮನೆಯಲ್ಲಿ ಯಾರ ದಿನಚರಿಯೂ ತಲೆಕೆಳಗಾಗಲಿಲ್ಲ.

— ಮನೆಯಲ್ಲೇ ಓದಿದವಳು, ಬೆಂಗಳೂರು

*

ತಂಗೀ, ಬ್ಯಾಸರ ಮಾಡ್ಕೋಬ್ಯಾಡ. ಮೂರು ಮಂದಿನ ಒಬ್ಬಾಕಿ ಹೊತ್ಕೊಂಡು ಹೈರಾಣ ಆಗೂದಕ್ಕಿಂತ, ನಡುವಿನ ಹುಡುಗನ್ನಾರ ಊರ ಸಾಲಿಗೆ ಕಳಿಸಿ ನೋಡು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಆರರಿಂದ ಹದಿನಾಕು ವರ್ಷದ ಹುಡುಗರನ್ನ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸ್ಕೋಬೇಕು, ಮೊದಲ ಸಾಲಿಗೆ ಬಂದಿಲ್ಲ ಅಂತ ಹೊಳ್ಳಿ ಕಳಸೂಹಂಗಿಲ್ಲ. ಅದರ ಹತ್ತನೇ ಕಲಂ ಮಕ್ಕಳನ್ನ ಸಾಲಿಗೆ ಹಚ್ಚೂದು ತಂದಿ-ತಾಯಿ ಕರ್ತವ್ಯ ಅಂತೈತಿ. ಅದನ್ನೂ ಒಮ್ಮೆ ಓದ್ಕೋ.

— ಒಬ್ಬ ಅಜ್ಜ, ಧಾರವಾಡ

*

ನಮ್ಮದೂ ಅಡಿಕೆ ತೋಟವೇ, ಶಿರಸಿ ಕಡೆ. ನಿಮ್ಮ ಪತ್ರ ಓದಿದಾಗ ಮೊದಲು ಹೊಳೆದದ್ದು: ಈ ಪಟ್ಟಿಯಲ್ಲಿ ಕೊಯ್ಲು ಎಲ್ಲಿದೆ? ಅಡಿಕೆ ಕೊನೆ (ಗೊನೆ) ಇಳಿಸಿ, ಸುಲಿದು, ಬೇಯಿಸಿ, ಒಣಗಿಸುವ ದಿನಗಳಲ್ಲಿ ದೊಡ್ಡವರೇ ಗಡಿಯಾರ ನೋಡುವುದಿಲ್ಲ. ಬೆಂಗಳೂರಿನ ವೇಳಾಪಟ್ಟಿ ತೋಟದ ಮನೆಗೆ ಹೊಂದಲಿಲ್ಲವೆಂದು ನೊಂದುಕೊಳ್ಳುವುದೇಕೆ?

ನಾವು ದಿನಕ್ಕೆ ಪಟ್ಟಿ ಮಾಡುವುದಿಲ್ಲ, ಮಳೆಗೆ, ಅಂದರೆ ಮಳೆನಕ್ಷತ್ರಕ್ಕೆ, ಮಾಡುತ್ತೇವೆ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಒಂದೊಂದೂ ಹೆಚ್ಚು ಕಡಿಮೆ ಎರಡು ವಾರ. ಒಂದು ಮಳೆಗೆ ಒಬ್ಬೊಬ್ಬರಿಗೆ ಗಣಿತದ್ದೊಂದು, ಕನ್ನಡದ್ದೊಂದು, ಇಂಗ್ಲಿಷಿನದೊಂದು ಪಾಠ. ಯಾವ ದಿನ ಎಷ್ಟು ಎನ್ನುವುದು ಅವರಿಗೇ ಬಿಟ್ಟದ್ದು, ಮಳೆ ದಾಟುವುದರೊಳಗೆ ಮುಗಿಯಬೇಕು ಅಷ್ಟೇ. ಹೊರಗೆ ಕಾಲಿಡಲಾಗದ ಆ ಎರಡೂವರೆ ತಿಂಗಳಲ್ಲಿ ಭಾರದ ಪಾಠ ಮುಗಿಸಿಬಿಡುತ್ತೇವೆ. ಕೊಯ್ಲಿನ ಕಾಲಕ್ಕೆ ಉಳಿಯುವುದು ಓದುವುದು, ಬಾಯಿಲೆಕ್ಕ, ಸುಲಿಯಲು ಕೂತವರು ಹೇಳುವ ಕಥೆ.

ನಿಮ್ಮ ಮಗಳಿಗೆ ಅನುಪಾತ ಕಲಿಸಬೇಕಿದ್ದರೆ ಔಷಧಿ ಹೊಡೆಯುವ ದಿನ ಪಟ್ಟಿ ಕೈಗೆ ಕೊಡಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಿಮ್ಮ ಡ್ರಮ್ಮು 200 ಲೀಟರಿನದೋ, ಅರ್ಧ ತುಂಬಿದ್ದೋ, ಅವಳೇ ಲೆಕ್ಕ ಹಾಕಲಿ. ಮುಟ್ಟಲು ಬಿಡಬೇಡಿ, ಲೆಕ್ಕ ಮಾತ್ರ. ನಮ್ಮ ಮಗನ ಉತ್ತರ ಒಮ್ಮೆ ತಪ್ಪಾಗಿದ್ದನ್ನು ಕೆಲಸಕ್ಕೆ ಬಂದವರೇ ಹಿಡಿದರು. ಆಮೇಲೆ ಅವನು ಎರಡು ಸಲ ನೋಡದೆ ಏನನ್ನೂ ಹೇಳುವುದಿಲ್ಲ.

ಅತ್ತೆಯವರು ನಿಟ್ಟುಸಿರು ಬಿಡುತ್ತಾರೆ ಎಂದಿರಿ. ಮಧ್ಯಾಹ್ನದ ಒಂದು ಗಂಟೆ ಚಿಕ್ಕವನನ್ನು ಅವರಿಗೇ ಒಪ್ಪಿಸಿ, ಏನು ಕಲಿಸಬೇಕೆಂದು ಮಾತ್ರ ಹೇಳಲು ಹೋಗಬೇಡಿ. ನಮ್ಮ ಆಯಿಯೂ ಮೊದಲು ಹಾಗೇ ಇದ್ದಳು. ಈಗ ಮೂರು ಗಂಟೆಗೆ ನಾವು ಮರೆತರೂ ಜಗಲಿಯಿಂದ ಅವಳೇ ಕೂಗುತ್ತಾಳೆ.

— ಕೃಷಿಕ, ಶಿರಸಿ