ಬಯೋಸ್‌ನಲ್ಲಿ ಹೊಸ ಎಸ್‌ಎಸ್‌ಡಿ ಇದೆ, ವಿಂಡೋಸ್ ಸೆಟಪ್‌ನಲ್ಲಿ ಮಾಯ

ಪ್ರಶ್ನೆ
ಇಂಟೆಲ್ 11ನೇ ಪೀಳಿಗೆಯ ಲ್ಯಾಪ್‌ಟಾಪ್. ಹಳೆಯ 2.5 ಇಂಚಿನ ಹಾರ್ಡ್ ಡಿಸ್ಕ್ ಒಳಗೇ ಇದೆ, ಖಾಲಿಯಿದ್ದ ಎಂ.2 ಸ್ಲಾಟ್‌ಗೆ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿದ್ದೇನೆ. ಬಯೋಸ್‌ನಲ್ಲಿ ಅದರ ಮಾಡೆಲ್ ನಂಬರ್ ಕೂಡ ಬರುತ್ತಿದೆ. ಆದರೆ ಪೆನ್‌ಡ್ರೈವ್‌ನಿಂದ ವಿಂಡೋಸ್ 11 ಹಾಕಲು ಹೋದರೆ ಡಿಸ್ಕ್ ಆರಿಸುವ ಪುಟದಲ್ಲಿ ಹಳೆಯದು ಮಾತ್ರ. ಬಯೋಸ್‌ನಲ್ಲಿ ಲೆಗಸಿ (ಹಳೆಯ ಬೂಟ್ ವಿಧಾನ) ಮಾಡಿ ಅಂತ ಒಬ್ಬರು, ಎಎಚ್‌ಸಿಐ (ಡಿಸ್ಕ್ ಕಂಟ್ರೋಲರ್‌ನ ಸಾಮಾನ್ಯ ಮೋಡ್) ಮಾಡಿ ಅಂತ ಇನ್ನೊಬ್ಬರು. ಯಾವುದು ಸರಿ?

ಉತ್ತರ 1
ಮಾಡೆಲ್ ನಂಬರ್ ಬಂದಿದೆ ಅಂದರೆ ಎಸ್‌ಎಸ್‌ಡಿ ಸರಿಯಾಗಿಯೇ ಕೂತಿದೆ, ಮತ್ತೆ ಬಿಚ್ಚಬೇಡಿ. ತೊಂದರೆ ಇರುವುದು ವಿಎಂಡಿಯಲ್ಲಿ, ಅಂದರೆ ಡಿಸ್ಕ್‌ಗಳನ್ನು ಇಂಟೆಲ್ ಕಂಟ್ರೋಲರ್ ಕೈಗೆ ಕೊಡುವ ಬಯೋಸ್ ಸೆಟ್ಟಿಂಗ್‌ನಲ್ಲಿ. ಅದು ಆನ್ ಇದ್ದರೆ ಎನ್‌ವಿಎಂಇ ಡಿಸ್ಕ್ ಇಂಟೆಲ್ ಕಂಟ್ರೋಲರ್ ಹಿಂದೆ ಅಡಗಿರುತ್ತೆ. ಅದಕ್ಕೆ ಬೇಕಾದ ಆರ್‌ಎಸ್‌ಟಿ (ಇಂಟೆಲ್‌ನ ಸ್ಟೋರೇಜ್) ಡ್ರೈವರ್ ಸೆಟಪ್ ಹತ್ತಿರ ಇರಲ್ಲ.

ಬಯೋಸ್‌ನ ಅಡ್ವಾನ್ಸ್ಡ್ ಅಥವಾ ಸ್ಟೋರೇಜ್ ವಿಭಾಗದಲ್ಲಿ ವಿಎಂಡಿ ಕಂಟ್ರೋಲರ್ ಅನ್ನು ಡಿಸೇಬಲ್ ಮಾಡಿ, ಎಫ್10 ಒತ್ತಿ ಸೇವ್ ಮಾಡಿ. ಕೆಲವು ಮಾಡೆಲ್‌ಗಳಲ್ಲಿ ಇದೇ ಆಯ್ಕೆ ‘ಆರ್‌ಎಸ್‌ಟಿ / ಎಎಚ್‌ಸಿಐ’ ಅಂತ ಇರುತ್ತೆ, ಎಎಚ್‌ಸಿಐ ಆರಿಸಿ. ಏಸರ್‌ನ ಹಲವು ಮಾಡೆಲ್‌ಗಳಲ್ಲಿ ಅದು ಕಾಣುವುದೇ ಇಲ್ಲ: ಮೇನ್ ಟ್ಯಾಬ್‌ನಲ್ಲಿ ನಿಂತು ಕಂಟ್ರೋಲ್ + ಎಸ್ ಒತ್ತಿದರೆ ಹೊರಬರುತ್ತೆ.

ಆಯ್ಕೆಯೇ ಇಲ್ಲದಿದ್ದರೆ ತಯಾರಕರ ಸಪೋರ್ಟ್ ಪುಟದಿಂದ ಆರ್‌ಎಸ್‌ಟಿ ಡ್ರೈವರ್ ಇಳಿಸಿ, ಆ ಫೈಲನ್ನು ಎಕ್ಸ್‌ಟ್ರ್ಯಾಕ್ಟ್ ಮಾಡಿ, ಐಎನ್‌ಎಫ್ ಫೈಲ್ ಇರುವ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ, ಸೆಟಪ್‌ನಲ್ಲಿ ‘ಲೋಡ್ ಡ್ರೈವರ್’ ಕೊಡಿ. ಇಎಕ್ಸ್‌ಇ ಫೈಲನ್ನೇ ಹಾಕಿ ‘ಡ್ರೈವರ್ ಸಿಗ್ತಿಲ್ಲ’ ಅನ್ನೋರೇ ಜಾಸ್ತಿ.

ಲೆಗಸಿ ಮಾತು ಬಿಟ್ಟುಬಿಡಿ. ವಿಂಡೋಸ್ 11ಕ್ಕೆ ಯುಇಎಫ್‌ಐ (ಹೊಸ ಬೂಟ್ ವಿಧಾನ) ಬೇಕು, ಲೆಗಸಿಯಲ್ಲಿ ಎನ್‌ವಿಎಂಇಯಿಂದ ಬೂಟ್ ಆಗುವ ಲ್ಯಾಪ್‌ಟಾಪ್ ಸಿಗುವುದೂ ಅಪರೂಪ.

ಉತ್ತರ 2
ಮೇಲಿನದಕ್ಕೆ ಒಂದು ಎಚ್ಚರಿಕೆ. ಹಳೆ ಡಿಸ್ಕಿನಲ್ಲಿ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ಇದ್ದರೆ ಬಯೋಸ್ ಮುಟ್ಟುವ ಮೊದಲೇ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಆಮೇಲೆ ವಿಂಡೋಸ್ ಅದನ್ನು ಕೇಳಬಹುದು. ಆ ಡಿಸ್ಕಿನ ವಿಂಡೋಸ್ ಆರ್‌ಎಸ್‌ಟಿಯಲ್ಲಿ ಹಾಕಿದ್ದಾದರೆ ಈಗ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತ ನೀಲಿ ಪರದೆ ಬರಬಹುದು. ಗಾಬರಿ ಬೇಡ, ಡೇಟಾ ಎಲ್ಲೂ ಹೋಗಿರಲ್ಲ. ವಿಎಂಡಿ ಮತ್ತೆ ಆನ್ ಮಾಡಿದರೆ ಏಳುತ್ತೆ. ಆ ವಿಂಡೋಸೂ ಎಎಚ್‌ಸಿಐನಲ್ಲಿ ಬೇಕಿದ್ದರೆ ಮೊದಲು ಎಂಎಸ್‌ಕಾನ್ಫಿಗ್‌ನ (ವಿಂಡೋಸ್ ಒಳಗಿನ ಸೆಟ್ಟಿಂಗ್ ಟೂಲ್) ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಆಗುವಾಗ ಬಯೋಸ್ ಬದಲಿಸಿ, ಸೇಫ್ ಮೋಡ್‌ಗೆ ಒಮ್ಮೆ ಹೋಗಿ ಟಿಕ್ ತೆಗೆಯಿರಿ.

ಪ್ರಶ್ನೆ ಕೇಳಿದವರು
ವಿಎಂಡಿ ಆಫ್ ಮಾಡಿದೆ, ಬಂತು! ‘ಡ್ರೈವ್ 1, ಅನ್‌ಅಲೊಕೇಟೆಡ್, 931.5 ಜಿಬಿ’. ಡ್ರೈವ್ 0 ಹಳೆಯದು. ನೆಕ್ಸ್ಟ್ ಒತ್ತಲಾ?

ಉತ್ತರ 3
ಬೇಡ, ತಡೀರಿ. ಹಳೆ ಡಿಸ್ಕಿನಲ್ಲಿ ಇಎಫ್‌ಐ ಪಾರ್ಟಿಷನ್ (ಬೂಟ್ ಫೈಲ್‌ಗಳ ಸಣ್ಣ ವಿಭಾಗ) ಇದ್ದರೆ ಸೆಟಪ್ ಬೂಟ್ ಫೈಲ್‌ಗಳನ್ನು ಅಲ್ಲಿಗೇ ಹಾಕಿಬಿಡುತ್ತೆ. ವಿಂಡೋಸ್ ಹೊಸದರಲ್ಲಿ, ಬೂಟ್ ಹಳೆಯದರಲ್ಲಿ! ಮುಂದೆ ಹಳೆ ಡಿಸ್ಕ್ ಫಾರ್ಮ್ಯಾಟ್ ಮಾಡಿದ ದಿನ ಯಂತ್ರ ಏಳಲ್ಲ.

ಬಯೋಸ್‌ನಲ್ಲಿ ಹಳೆ ಡಿಸ್ಕ್ ಇರುವ ಸಾಟಾ ಪೋರ್ಟ್ ಡಿಸೇಬಲ್ ಮಾಡಲು ಆಗುತ್ತಾ ನೋಡಿ. ಆಗದಿದ್ದರೆ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಆಮೇಲೆ ಡಿಸ್ಕಿನ ಕೇಬಲ್ ತೆಗೆಯಿರಿ. ರಿಬ್ಬನ್ ಕೇಬಲ್ ಆದರೆ ಕನೆಕ್ಟರ್ ಮೇಲಿನ ಸಣ್ಣ ಪಟ್ಟಿಯನ್ನು ಉಗುರಿನಿಂದ ಮೇಲೆತ್ತಿ, ಹಾಗೇ ಎಳೆದರೆ ಮುರಿಯುತ್ತೆ. ಈಗ ಎಸ್‌ಎಸ್‌ಡಿ ಒಂದೇ ಕಾಣಬೇಕು. ಪಾರ್ಟಿಷನ್ ಕೈಯಾರೆ ಮಾಡಬೇಡಿ, ಖಾಲಿ ಜಾಗ ಆರಿಸಿ ನೆಕ್ಸ್ಟ್ ಕೊಡಿ, ಯುಇಎಫ್‌ಐಗೆ ಬೇಕಾದ ಜಿಪಿಟಿ ಪಾರ್ಟಿಷನ್ ವ್ಯವಸ್ಥೆಯನ್ನು ಸೆಟಪ್ ತಾನೇ ಮಾಡಿಕೊಳ್ಳುತ್ತೆ. (931.5 ನೋಡಿ ಮೋಸ ಅಂದ್ಕೋಬೇಡಿ. ಡಿಸ್ಕ್ ಮಾರುವವರು ಸಾವಿರದ ಲೆಕ್ಕ ಹಿಡೀತಾರೆ, ವಿಂಡೋಸ್ 1024ರ ಲೆಕ್ಕ.)

ವಿಂಡೋಸ್ ಎದ್ದ ಮೇಲೆ ಹಳೆಯದನ್ನು ಮತ್ತೆ ಜೋಡಿಸಿ. ಬೂಟ್ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎರಡು ಕಂಡರೆ ಎಸ್‌ಎಸ್‌ಡಿ ಹೆಸರಿರುವುದನ್ನು ಮೇಲಕ್ಕೆ ತನ್ನಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಹಾಗೇ ಇರಲಿ.